ಹಳೆಯ ಕಲ್ಲುಮನೆಗೆ ಸಿಮೆಂಟ್ ಮುಟ್ಟಿಸಬೇಡಿ

ನಮಸ್ಕಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ, ಥೇಮ್ಸ್ ನದಿಯ ಹತ್ತಿರ, ಕೆಲ್ಮ್‌ಸ್ಕಾಟ್ ಮ್ಯಾನರ್ ಅಂತ ಒಂದು ಮನೆ ಇದೆ. ಮ್ಯಾನರ್ ಅಂದರೆ ಜಮೀನ್ದಾರರ ಮನೆ, ಆದರೆ ಇದನ್ನ 1600ರ ಆಸುಪಾಸಿನಲ್ಲಿ ಕಟ್ಟಿಸಿದ್ದು ಒಬ್ಬ ರೈತ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1871ರಲ್ಲಿ ಅದನ್ನ ಬಾಡಿಗೆಗೆ ಹಿಡಿದರು. 1877ರಲ್ಲಿ ಗೆಳೆಯರ ಜೊತೆ ಸೇರಿ ಹಳೆಯ ಕಟ್ಟಡಗಳನ್ನು ಉಳಿಸೋದಕ್ಕೆ ಒಂದು ಸಂಘವನ್ನೇ ಕಟ್ಟಿದರು. ಆ ಸಂಘ ಇವತ್ತಿಗೂ ಹೇಳುವ ಮಾತನ್ನೇ ನಾನೂ ಒತ್ತಿ ಹೇಳ್ತೀನಿ: ಇಂಥ ಹಳೆಯ ಕಲ್ಲುಗೋಡೆಗೆ ಸಿಮೆಂಟ್ ಬೇಡ, ಸುಣ್ಣದ ಗಾರೆಯೇ ಬೇಕು.

ಯಾಕೆ? ಆ ಕಡೆಯ ತೋಟದ ಮನೆಗಳ ಗೋಡೆ ಸುಮಾರು ಅರ್ಧ ಮೀಟರ್ ದಪ್ಪ. ಒಳಗೊಂದು, ಹೊರಗೊಂದು ಸುಣ್ಣಕಲ್ಲಿನ ವರಸೆ, ನಡುವೆ ಚೂರುಗಲ್ಲು. ತಳದಲ್ಲಿ ತೇವ ತಡೆಯುವ ಪದರ ಇಲ್ಲವೇ ಇಲ್ಲ. ಮಳೆನೀರು ಗೋಡೆಗೆ ಇಳಿಯುತ್ತೆ, ಸುಣ್ಣದ ಸಂದುಗಳಿಂದ ಆರಿ ಹೋಗುತ್ತೆ. ಆ ಸಂದಿಗೆ ಸಿಮೆಂಟ್ ಮೆತ್ತಿದಿರೋ, ಗೋಡೆ ಸ್ವಲ್ಪ ಜರುಗಿದಾಗ ಅಂಚಿನಲ್ಲಿ ಸಣ್ಣ ಬಿರುಕು ಬಿಡುತ್ತೆ. ನೀರು ಅಲ್ಲಿಂದ ಒಳಗೆ ಹೋಗುತ್ತೆ, ಹೊರಗೆ ಬರೋದಕ್ಕೆ ಕಲ್ಲೊಂದೇ ದಾರಿ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲಿನ ಮುಖವೇ ಚಕ್ಕೆ ಎದ್ದು ಉದುರುತ್ತೆ. ಗಾರೆ ಸವೆದರೆ ಮತ್ತೆ ತುಂಬಬಹುದು. ಕಲ್ಲು ಹೋದರೆ ಹೋಯಿತು.

ಒಳಗೋಡೆ ತೇವ ಅಂತ ರಾಸಾಯನಿಕ ಚುಚ್ಚಿಸೋರೂ ಇದ್ದಾರೆ. ಚೂರುಗಲ್ಲಿನ ಗೋಡೆಯಲ್ಲಿ ಅದು ಒಂದೇ ಸಮ ಹರಡೋದಿಲ್ಲ, ದುಡ್ಡು ದಂಡ. ಮೊದಲು ಹೊರಗಿನ ನೆಲ ನೋಡಿ. ಶತಮಾನಗಳಲ್ಲಿ ಮಣ್ಣು ಏರಿ ಒಳನೆಲಕ್ಕಿಂತ ಮೇಲೆ ಬಂದಿರುತ್ತೆ. ಅದನ್ನ ಒಳನೆಲಕ್ಕಿಂತ 150 ಮಿಲಿಮೀಟರಾದರೂ ಕೆಳಗಿಳಿಸಿ. ಆದರೆ ಪಾಯ ಆಳವಿರೋದಿಲ್ಲ, ಅದರ ಬುಡ ಕೆದಕಬೇಡಿ.

ಸಂದು ತುಂಬೋ ಮುಂಚೆ ಹಳೆಯ ಗಾರೆ ಕೆರೆಯೋದಕ್ಕೆ ಗ್ರೈಂಡರ್ ಯಂತ್ರ ಬೇಡ, ಕಲ್ಲಿನ ಅಂಚು ಕತ್ತರಿಸಿ ಹೋಗುತ್ತೆ. ಉಳಿ, ಸುತ್ತಿಗೆ ಸಾಕು. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ದಪ್ಪ ಮರಳು. ಗಾರೆ ಸ್ವಲ್ಪ ಬಿಗಿದ ಮೇಲೆ ಗಡುಸು ಬ್ರಷ್ಷಿನಿಂದ ತಟ್ಟಿ, ಕರಣೆಯಿಂದ ನುಣುಪು ಮಾಡಬೇಡಿ. ಆಮೇಲೆ ಒದ್ದೆ ಗೋಣಿತಾಟು ಹೊದಿಸಿ, ಒಮ್ಮೆಲೇ ಒಣಗಿದರೆ ಗಾರೆ ಪುಡಿಯಾಗುತ್ತೆ. ತಾಪಮಾನ 5 ಡಿಗ್ರಿಗಿಂತ ಕೆಳಗಿದ್ದರೆ ಆ ದಿನ ಕೆಲಸವೇ ಬೇಡ. ಹಳೆಯ ಸಿಮೆಂಟ್ ಕೀಳೋವಾಗ ಕಲ್ಲೂ ಜೊತೆಗೆ ಕಿತ್ತು ಬರ್ತಿದ್ದರೆ, ಸದ್ಯ ಹಾಗೇ ಬಿಟ್ಟುಬಿಡಿ.

ಇನ್ನು ಛಾವಣಿ. ಸೂರಿನಲ್ಲಿ ದೊಡ್ಡ ಕಲ್ಲುಹಲಗೆ, ಮೇಲೇರುತ್ತಾ ಹೋದಂತೆ ಚಿಕ್ಕದು. ಮಾರಿಸ್‌ಗೆ ಈ ಸಾಲುಗಳು ಬಹಳ ಮೆಚ್ಚುಗೆ. ಹಲಗೆಗಳು ಓಕ್ ಗೂಟದ ಮೇಲೆ ನೇತಾಡ್ತಿರುತ್ತವೆ, ಗೂಟ ಕೊಳೆತರೆ ಜಾರುತ್ತವೆ. ಜಾರದಿರಲಿ ಅಂತ ಒಳಗಿನಿಂದ ಅಂಟಿ ಗಟ್ಟಿಯಾಗೋ ನೊರೆ (ಫೋಮ್) ಹೊಡೆಸೋದು ದೊಡ್ಡ ತಪ್ಪು: ಗಾಳಿ ನಿಂತು ತೊಲೆ ಕೊಳೆಯುತ್ತೆ, ಫೋಮ್ ಅಂಟಿದ ಹಲಗೆ ಮತ್ತೆ ಬಳಕೆಗೆ ಬರೋದು ಕಷ್ಟ. ಇಳಿಸಿ, ಅಳತೆವಾರು ಜೋಡಿಸಿಟ್ಟು, ಗೂಟ ಬದಲಿಸಿ, ಅದೇ ಕ್ರಮದಲ್ಲಿ ಹೊದಿಸಿ. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ, ಕೆಲಸ ಶುರು ಮಾಡೋ ಮುಂಚೆ ಸ್ಥಳೀಯ ಕೌನ್ಸಿಲ್‌ನಲ್ಲಿ ಒಪ್ಪಿಗೆ ಬೇಕಾ ಅಂತ ಕೇಳಿ.