ಮೂರು ವಾರ ಉರಿದ ಒಂದು ಬಲ್ಬು

ಬಾಗಿಲು ಸರಿಯುವವರೆಗೆ ನಾನು ಮಾತಾಡುತ್ತಾ ಇರುತ್ತೇನೆ. ಈ ಶೆಡ್ ಬಾಗಿಲಿಗೆ ಆತುರ ಅನ್ನುವುದೇ ಇಲ್ಲ.

ಬಂತು ನೋಡಿ. ಇದೇ ನಮ್ಮ ಡೀಸೆಲ್ ರೈಲು ಇಂಜಿನ್, ಕ್ಲಾಸ್ 08. ಬ್ರಿಟನ್ನಿನ ಯಾರ್ಡ್‌ಗಳಲ್ಲಿ ವ್ಯಾಗನ್ ತಳ್ಳುವುದು, ಎಳೆಯುವುದು, ಜೋಡಿಸುವುದು, ಇಷ್ಟೇ ಇದರ ಕೆಲಸ. 1952ರಿಂದ 1962ರವರೆಗೆ 996 ಕಟ್ಟಿದರು. ರೈಲು ಹುಚ್ಚಿನವರು ಪ್ರೀತಿಯಿಂದ ಗ್ರಾಂಕ್ ಅಂತ ಕರೆಯುತ್ತಾರೆ. ನಮ್ಮದು ಅಂದರೆ ನಾವು 9 ಜನರದ್ದು. ಪಾಲು ಹಾಕಿ ತೆಗೆದುಕೊಂಡಿದ್ದೇವೆ. ಇಟ್ಟಿರುವುದು ಇಲ್ಲಿನ ಒಂದು ಹೆರಿಟೇಜ್ ರೈಲ್ವೆಯ, ಅಂದರೆ ಹಳೇ ರೈಲುಗಳನ್ನು ಉಳಿಸಿ ಓಡಿಸುವವರ, ಶೆಡ್‌ನಲ್ಲಿ.

ಎಲ್ಲರೂ ಮೊದಲು ಕೇಳುವುದು ಕೊಂಡ ಬೆಲೆ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಬೆಲೆ ಒಂದೇ ಸಲ ಕೊಡುತ್ತೀರಿ. ಆಮೇಲೆ ಇಂಜಿನ್ ಸುಮ್ನೆ ನಿಂತಿದ್ದರೂ ದುಡ್ಡು ಹೋಗುತ್ತಲೇ ಇರುತ್ತದೆ. ನಿಂತಿದ್ದರೇ ಜಾಸ್ತಿ ಹೋಗುತ್ತದೆ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ಈಗ ತೆರೆಯುತ್ತಿರುವುದು ಬ್ಯಾಟರಿ ಪೆಟ್ಟಿಗೆ. ಹೋದ ತಿಂಗಳು ಇದೇ ಜಾಗದಲ್ಲಿ ನಿಂತು ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಆಗಿದ್ದು ಇಷ್ಟು. ಕೆಲಸ ಮುಗಿಸಿ ಹೋಗುವಾಗ ಬ್ಯಾಟರಿಯ ಐಸೊಲೇಟರ್, ಅಂದರೆ ಕರೆಂಟ್ ಪೂರ್ತಿ ಕಡಿಯುವ ಸ್ವಿಚ್, ತೆಗೆಯಬೇಕು. ಅವತ್ತು ತೆಗೆದಿರಲಿಲ್ಲ. ಕ್ಯಾಬ್‌ನಲ್ಲಿ ಒಂದು ಬಲ್ಬು ಉರಿಯುತ್ತಲೇ ಇತ್ತು. ಮಳೆ ಅಂತ ಮೂರು ವಾರ ಯಾರೂ ಈ ಕಡೆ ಬರಲಿಲ್ಲ. ಬಂದು ಸ್ಟಾರ್ಟ್ ಬಟನ್ ಒತ್ತಿದರೆ ಒಂದು ಸಣ್ಣ 'ಟಕ್'. ಅಷ್ಟೇ. ಯಾರು ಬಿಟ್ಟಿದ್ದು ಅಂತ ಹುಡುಕಲು ಹೋಗಲಿಲ್ಲ. ಹುಡುಕಿದರೆ ಗುಂಪೇ ಒಡೆದು ಹೋಗುತ್ತದೆ.

ಕಾರಿನ ಬ್ಯಾಟರಿ ಸತ್ತರೆ ಪಕ್ಕದ ಕಾರಿನಿಂದ ವೈರ್ ಕೊಟ್ಟು ಎಬ್ಬಿಸಬಹುದು, ಅಲ್ವಾ? ಇಲ್ಲಿ ಆ ಲೆಕ್ಕ ಬೇರೆ. ಇದರ ವ್ಯವಸ್ಥೆ 90 ವೋಲ್ಟಿನದ್ದು. ಒಂದು ಸೆಲ್ ಕೊಡುವುದು 2 ವೋಲ್ಟ್. ಹಾಗಾಗಿ 40ಕ್ಕೂ ಜಾಸ್ತಿ ಸೆಲ್ ಸಾಲಾಗಿ ಕೂತಿವೆ. ಒಂದೊಂದನ್ನೂ ಎತ್ತಿದರೆ ಸೊಂಟ ಹಿಡಿಯುತ್ತದೆ. ಇದಕ್ಕೆ ಬೇರೆ ಸ್ಟಾರ್ಟರ್ ಮೋಟರ್ ಇಲ್ಲ. ಚಕ್ರ ಓಡಿಸಲು ಕರೆಂಟ್ ಕೊಡುವ ಮುಖ್ಯ ಜನರೇಟರಿಗೇ ಬ್ಯಾಟರಿಯಿಂದ ಕರೆಂಟ್ ಕೊಟ್ಟು, ಅದನ್ನೇ ಮೋಟರ್ ಮಾಡಿ, ಒಳಗಿನ ಡೀಸೆಲ್ ಇಂಜಿನ್ ತಿರುಗಿಸುತ್ತಾರೆ. ಸಿಲಿಂಡರಿನ ಅಗಲ 10 ಇಂಚು, ಪಿಸ್ಟನ್ ಓಡುವ ದೂರ 12 ಇಂಚು. ಅಂದರೆ ಒಂದೇ ಸಿಲಿಂಡರ್ ಸುಮಾರು 15 ಲೀಟರ್. ಅಂಥವು 6. ಬ್ಯಾಟರಿ ಸೊರಗಿದ್ದರೆ ಅವನ್ನು ಅಲುಗಿಸಲೂ ಆಗುವುದಿಲ್ಲ.

ಇದು ಹೈಡ್ರೋಮೀಟರ್. ಗಾಜಿನ ಕೊಳವೆ, ಒಳಗೆ ತೇಲುವ ಕಡ್ಡಿ, ಮೇಲೆ ರಬ್ಬರ್ ಉಂಡೆ. ಸೆಲ್‌ನ ಆಸಿಡ್ ಸ್ವಲ್ಪ ಎಳೆದು, ಅದು ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅಂತ ನೋಡುವುದು. ಕಡ್ಡಿ 1.270ರ ಸುತ್ತ ನಿಂತರೆ ಜೀವ ಇದೆ. ಅವತ್ತು ಮೊದಲ ಸೆಲ್‌ನಲ್ಲೇ 1.100ರ ಹತ್ತಿರ ಮುಳುಗಿಬಿಟ್ಟಿತು. ಎರಡನೆಯದೂ ಹಾಗೇ. ಮೂರನೆಯದೂ. ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡು ಹೋದೆ. ಕೊನೆ ಕೊನೆಗೆ ಬರೆಯಲು ಕೈಯೇ ಬರಲಿಲ್ಲ. ಲೆಡ್-ಆಸಿಡ್ ಬ್ಯಾಟರಿ ಖಾಲಿಯಾಗುವುದು ತಪ್ಪಲ್ಲ, ಖಾಲಿಯಾಗಿಯೇ ಉಳಿಯುವುದು ತಪ್ಪು. ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಒಳಗೆ ಹೋಗುವುದಿಲ್ಲ.

ಹೊಸ ಸೆಟ್‌ಗೆ ಕೊಟೇಶನ್ ತರಿಸಿದೆವು. ನಮ್ಮ ಗುಂಪಿನ ಒಂದು ವರ್ಷದ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತಿತ್ತು. ಬಣ್ಣಕ್ಕೆ ಅಂತ ಎತ್ತಿಟ್ಟಿದ್ದೂ ಸೇರಿ! ಒಂದು ಬಲ್ಬಿಗೆ! ಅವತ್ತು ರಾತ್ರಿ ನಾನು ಪಾಲು ಮಾರಿಬಿಡುವ ಯೋಚನೆ ಮಾಡಿದ್ದೆ. ನಿಜವಾಗಿಯೂ.

ಈ ಅಂಗಿ ತೋಳು ನೋಡಿ. ಸಣ್ಣ ಸಣ್ಣ ತೂತು. ಆಸಿಡ್ ಹನಿ ಬಿದ್ದಾಗ ಏನೂ ಕಾಣುವುದಿಲ್ಲ. ಒಗೆದ ಮೇಲೆ ತೂತು ಬಾಯಿ ಬಿಡುತ್ತದೆ. ಕಣ್ಣು ಕಾಯುವ ಕನ್ನಡಕ ಹಾಕದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಪೆಟ್ಟಿಗೆ ಬಾಗಿಲು ತೆರೆದಿರಲಿ.

ಕೊನೆಗೆ ಹಳೇ ಸೆಟ್‌ಗೇ ಚಾರ್ಜರ್ ಹಾಕಿ ದಿನಗಟ್ಟಲೆ ಕಾದೆವು. ಹೆಚ್ಚಿನವು ನಿಧಾನಕ್ಕೆ ಮೇಲೆ ಬಂದವು. 6 ಸೆಲ್ ಏಳಲಿಲ್ಲ. ಇನ್ನೊಂದು ಶಂಟರ್, ಅಂದರೆ ಯಾರ್ಡ್ ಇಂಜಿನ್, ಇಟ್ಟುಕೊಂಡಿರುವ ಗೆಳೆಯರು ತಮ್ಮ ಹಳೇ ಸೆಟ್‌ನಿಂದ 6 ಕೊಟ್ಟರು. ಹಳೆಯದು, ಬೇರೆ ವಯಸ್ಸಿನದು ಬೆರೆಸುವುದು ಸರಿಯಲ್ಲ, ಗೊತ್ತು. ಈ ಸೀಸನ್ ದಾಟಲಿ ಅಂತ ಹಾಕಿದ್ದೇವೆ. ಇದಕ್ಕೇ ನಾನು ಹೇಳುವುದು, ಇಂಜಿನ್ ಬೇಕು ಅಂದರೆ ಜಾಸ್ತಿ ಸಂಖ್ಯೆಯಲ್ಲಿ ಕಟ್ಟಿದ್ದನ್ನೇ ತೆಗೆದುಕೊಳ್ಳಿ. ಬಿಡಿಭಾಗ ಸಿಗುತ್ತದೆ. ಅದಕ್ಕಿಂತ, ಇದರ ಕಷ್ಟ ಪಟ್ಟವರು ಸಿಗುತ್ತಾರೆ.

ಇನ್ನೊಂದು ಮಾತು. 'ವಾರಕ್ಕೊಮ್ಮೆ 10 ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ' ಅಂತ ಸಲಹೆ ಕೊಡುತ್ತಾರಲ್ಲ, ಅದು ಕೆಟ್ಟ ಸಲಹೆ. ಸ್ಟಾರ್ಟ್ ಮಾಡಲು ತೆಗೆದ ಕರೆಂಟ್ 10 ನಿಮಿಷದಲ್ಲಿ ವಾಪಸ್ ತುಂಬುವುದಿಲ್ಲ. ಇಂಜಿನ್ ಬಿಸಿಯಾಗುವುದಿಲ್ಲ, ಒಳಗೆ ತೇವ ಉಳಿಯುತ್ತದೆ. ಓಡಿಸಿದರೆ ಭಾರ ಎಳೆಸಿ, ಚೆನ್ನಾಗಿ ಕಾಯಲಿ. ಇಲ್ಲದಿದ್ದರೆ ಮುಟ್ಟಬೇಡಿ.

ಚಳಿಗಾಲ ಬಂದರೆ ಇಂಜಿನ್ ತಂಪು ಮಾಡುವ ನೀರಿನ ಚಿಂತೆ. ಆ್ಯಂಟಿಫ್ರೀಜ್ ಇಲ್ಲದಿದ್ದರೆ ಪೂರ್ತಿ ಇಳಿಸಬೇಕು. ಹೆಪ್ಪುಗಟ್ಟಿದರೆ ಎರಕದ ಕಬ್ಬಿಣ ಸೀಳುತ್ತದೆ. ಜಾಗ ಬದಲಿಸಬೇಕು ಅಂದರೆ ಸುಮಾರು 50 ಟನ್ ಭಾರವನ್ನು ಲಾರಿಗೆ ಏರಿಸಬೇಕು. ಬ್ಯಾಟರಿಯೇ ದೊಡ್ಡ ಖರ್ಚು ಅಂದುಕೊಂಡಿದ್ದೆ, ಈಗ ಅನ್ನಿಸುತ್ತಿದೆ, ಅಲ್ಲ. ಜಾಗವೇ ದೊಡ್ಡದು. ತಲೆ ಮೇಲೆ ಸೂರು ಇಲ್ಲದ ಇಂಜಿನ್‌ಗಳು ತುಕ್ಕು ಹಿಡಿಯುವುದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಹಾಗಾದರೆ ಯಾಕೆ ಬೇಕು ಇದೆಲ್ಲ? ಒಂದು ನಿಮಿಷ, ಈಗ ಸ್ಟಾರ್ಟ್ ಮಾಡುತ್ತಾರೆ.

ಕೇಳಿ... ಕೇಳಿ...

ಆಹಾ! ಹಿಡಿಯಿತು. ಈ ನಿಧಾನದ ಬಡಿತ ನೋಡಿ. ಫುಲ್ ಪವರ್‌ನಲ್ಲೂ ನಿಮಿಷಕ್ಕೆ 680 ಸುತ್ತು ಅಷ್ಟೇ. ಹೆಚ್ಚೂಕಡಿಮೆ 92 ಲೀಟರಿನ ಇಂಜಿನ್‌ನಿಂದ ತೆಗೆಯುವುದು ಬರೀ 350 ಕುದುರೆ ಶಕ್ತಿ. ಜೀವ ಹಿಂಡುವುದೇ ಇಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿದೆ. ಭಾರತದ ಡಬ್ಲ್ಯೂಡಿಎಂ-2 ರೈಲು ಇಂಜಿನ್ ಕೇಳಿದ್ದೀರಲ್ಲ? ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, 16 ಸಿಲಿಂಡರ್, 2,600 ಕುದುರೆ ಶಕ್ತಿ. ಅದು ಹೊರಡುವಾಗ ಕಪ್ಪು ಹೊಗೆ ಉಗುಳುತ್ತಿತ್ತು. ಡೀಸೆಲ್ ಮೊದಲು ಬಂದುಬಿಡುತ್ತದೆ, ಟರ್ಬೋ ಗಾಳಿ ತುಂಬುವಷ್ಟರಲ್ಲಿ ತಡವಾಗುತ್ತದೆ, ಅದಕ್ಕೇ ಆ ಹೊಗೆ. ಅದರ ಸದ್ದಿನ ಗತ್ತೇ ಬೇರೆ, ನನಗೆ ಇವತ್ತಿಗೂ ಮೈ ನವಿರೇಳುತ್ತದೆ. ನಮ್ಮದರಲ್ಲಿ ಟರ್ಬೋನೇ ಇಲ್ಲ... ಅಯ್ಯೋ, ಹೊರಟೇಬಿಟ್ಟಿತು, ಬನ್ನಿ ಬನ್ನಿ.

ಚಕ್ರ ಜೋಡಿಸಿರುವ ಆ ಕಬ್ಬಿಣದ ರಾಡ್ ಮೇಲೆ ಕೆಳಗೆ ಆಡುವುದನ್ನು ಹತ್ತಿರದಿಂದ ನೋಡಿ. ಸ್ಟೀಮ್ ಇಂಜಿನ್‌ನಲ್ಲಿ ಇದ್ದ ಹಾಗೇ. ನಡಿಗೆ ವೇಗದಲ್ಲಿ ಇದನ್ನು ನೋಡುತ್ತಾ ಪಕ್ಕದಲ್ಲೇ ನಡೆಯಬಹುದು. ಕಾಲಡಿ ನೆಲ ಅದುರುತ್ತದೆ. ಹಿಡಿದ ಕಂಬಿ ಬೆಚ್ಚಗಾಗುತ್ತದೆ. ಪಾಲು ಮಾರುವ ಮಾತು ಆಡಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಒಬ್ಬರೇ ಮಾತ್ರ ಕೊಳ್ಳಬೇಡಿ, ಅದು ಆಗದ ಕೆಲಸ. 9 ಜನ ಸಿಕ್ಕರೆ ಯೋಚನೆ ಮಾಡಬೇಡಿ, ಕೊಂಡುಬಿಡಿ.

ಸಂಜೆಯಾಯಿತು, ಕ್ಯಾಮೆರಾ ಚಾರ್ಜ್ ಕೂಡ ಮುಗಿಯುತ್ತಾ ಬಂತು. ಮುಂದಿನ ಸಲ ಬ್ರೇಕ್ ಬ್ಲಾಕ್ ಬದಲಿಸುತ್ತೇವೆ. ಇಗೋ, ಐಸೊಲೇಟರ್ ತೆಗೆದೆ. ಕ್ಯಾಬ್ ಕತ್ತಲಾಯಿತು, ಕಾಣುತ್ತಿದೆಯಾ? ಸರಿ, ಬಾಗಿಲು ಎಳೆಯುತ್ತೇನೆ.