ನೋಡದವರ ಮೇಲಿನ ಭಯ

ಎಲ್ಲ ಕೇಳುಗರಿಗೂ ನಮಸ್ಕಾರ. ನಿಮ್ಮ ಮನೆಯ ಹುಡುಗರು ಮೊಬೈಲಿನಲ್ಲಿ ದೊಡ್ಡ ಕಣ್ಣಿನ ಬೊಂಬೆಗಳ ಜಪಾನಿ ಧಾರಾವಾಹಿ ನೋಡುತ್ತಾರಲ್ಲ, ಅದೇ ಅನಿಮೆ. ‘ಅಯ್ಯೋ, ಕಾರ್ಟೂನು’ ಅಂತ ನೀವು ಮುಖ ತಿರುಗಿಸುತ್ತೀರಿ. ಒಂದು ಕಂತನ್ನಾದರೂ ನೋಡಿ, ಆಮೇಲೆ ತಿರುಗಿಸಿ. ಅನಿಮೇಷನ್ ಕಲಿಸುವವಳಾಗಿ ಇಷ್ಟು ವರ್ಷ ನಾನು ಬೇಡಿಕೊಂಡಿರುವುದು ಇದೊಂದನ್ನೇ.

ಇವತ್ತು ಹೇಳುವುದು ‘ವ್ಯಾಂಡ್ರೆಡ್’ ಬಗ್ಗೆ. 2000ನೇ ಇಸವಿಯಲ್ಲಿ ಗೊಂಜೊ ಸ್ಟುಡಿಯೊ ತಯಾರಿಸಿದ್ದು, ನಿರ್ದೇಶಕರು ತಕೇಶಿ ಮೋರಿ. ಮೊದಲು 13 ಕಂತು, ಮರುವರ್ಷ ಶುರುವಾದ ಎರಡನೇ ಸರಣಿಯಲ್ಲಿ ಇನ್ನು 13.

ಎರಡು ಗ್ರಹಗಳು. ತರಾಕುವಿನಲ್ಲಿ ಬರೀ ಗಂಡಸರು, ಮೆಜೇರುವಿನಲ್ಲಿ ಬರೀ ಹೆಂಗಸರು. ಎರಡಕ್ಕೂ ತಲೆಮಾರುಗಳ ಯುದ್ಧ. ಹೆಣ್ಣು ಅಂದರೆ ಕರುಳು ತಿನ್ನುವ ರಾಕ್ಷಸಿ ಅಂತ ತರಾಕುವಿನ ಹುಡುಗರ ತಲೆಗೆ ತುಂಬಿದ್ದಾರೆ. ಹಾಗೆ ನಂಬಿದವರಲ್ಲಿ ಒಬ್ಬನಾದರೂ ಹೆಣ್ಣನ್ನು ನೋಡಿದ್ದಾನೆಯೇ? ಇಲ್ಲ. ನೋಡದೆಯೇ ಹೆದರಿದ್ದಾರೆ. ಈ ಮಾತನ್ನು ನೆನಪಿಡಿ, ಮತ್ತೆ ಹೇಳುತ್ತೇನೆ.

ಹಿಬಿಕಿ ಅಂತ ಒಬ್ಬ ಹುಡುಗ, ಮೂರನೇ ದರ್ಜೆಯ ಪ್ರಜೆ, ಕಾರ್ಖಾನೆಯ ಕೂಲಿ. ಗೆಳೆಯರ ಮುಂದೆ ಜಂಬ ಕೊಚ್ಚಿ, ಯುದ್ಧಯಂತ್ರ ಕದಿಯಲು ಹಡಗು ಹತ್ತುತ್ತಾನೆ. ಅಲ್ಲಿಗೆ ಹೆಣ್ಣು ಕಡಲುಗಳ್ಳರು ನುಗ್ಗುತ್ತಾರೆ. ಕಡಲಲ್ಲ, ಆಕಾಶವೇ ಅನ್ನಿ. ಒಂದು ವಿಚಿತ್ರ ಶಕ್ತಿ ಎರಡು ಹಡಗನ್ನೂ ಬೆಸೆದು ಎಲ್ಲೋ ದೂರಕ್ಕೆ ಎಸೆಯುತ್ತದೆ. ಮೂವರು ಗಂಡಸರು, ನೂರಕ್ಕೂ ಹೆಚ್ಚು ಹೆಂಗಸರು. ಊರು ಸೇರಬೇಕು ಅಂದರೆ ಜೊತೆಗೇ ಬದುಕಬೇಕು.

ಇಲ್ಲಿ ನನ್ನ ತಾಯಿಯ ವಿಷಯ ಹೇಳಲೇಬೇಕು. ಅವರು ಹಳ್ಳಿಯಲ್ಲಿ ದಾದಿಯಾಗಿದ್ದವರು. ಎಷ್ಟು ಹೆರಿಗೆ ಮಾಡಿಸಿದರೋ ಅವರಿಗೇ ಲೆಕ್ಕವಿಲ್ಲ. ನಿವೃತ್ತರಾದ ಮೇಲೆ ಒಂದು ರಾತ್ರಿ ನಿದ್ದೆ ಬಾರದೆ ನನ್ನ ಪಕ್ಕ ಬಂದು ಕೂತರು. ನಾನು ನೋಡುತ್ತಿದ್ದುದು ಎಜ್ರಾ ಅನ್ನುವವಳ ಹೆರಿಗೆಯ ಕಂತು. ಮೆಜೇರುವಿನಲ್ಲಿ ಇಬ್ಬರು ಹೆಂಗಸರು ಸೇರಿ ಮಗುವಿಗೆ ತಾಯ್ತಂದೆ ಎರಡೂ ಆಗುತ್ತಾರೆ, ಅದನ್ನು ವಿವರಿಸಲು ಹೊರಟೆ. ‘ಸುಮ್ಮನಿರು, ನೋವು ಶುರುವಾಗಿದೆ’ ಅಂದರು! ಜಪಾನಿ ಒಂದಕ್ಷರ ಬಾರದು, ಆದರೆ ಆ ಮುಖ ಅವರಿಗೆ ಗೊತ್ತು. ನೋಡಿಕೊಳ್ಳುತ್ತಿದ್ದವನು ಡುಯೆಲೊ, ತರಾಕುವಿನ ವೈದ್ಯ. ಅವನ ಊರಲ್ಲಿ ಮಕ್ಕಳು ಯಂತ್ರದಲ್ಲಿ ಬೆಳೆಯುತ್ತವೆ, ಬಸುರಿಯನ್ನೇ ಕಂಡವನಲ್ಲ. ‘ಪಾಪ, ಮೊದಲ ಹೆರಿಗೆ ಅವನಿಗೂ’ ಅಂದರು ಅಮ್ಮ. ಮಗು ಅತ್ತಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಕಾಲದ ಕಥೆ ತೆಗೆದರು: ಬಾಗಿಲಾಚೆ ಬೀಡಿ ಸೇದುತ್ತಾ ನಿಂತ ಗಂಡಂದಿರು, ಒಳಗೆ ಬಾರಪ್ಪ ಅಂದರೆ ಓಡಿಹೋಗುತ್ತಿದ್ದವರು, ಒಬ್ಬನೇ ಒಬ್ಬ ಒಳಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡಿದ್ದು. ‘ಆಮೇಲೆ ಅವನು ಅವಳಿಗೆ ಒಂದು ದಿನ ಕೈ ಎತ್ತಲಿಲ್ಲ, ನೋಡಿದ್ದನಲ್ಲ’ ಅಂದರು. ಎಷ್ಟೋ ವರ್ಷ ಪಾಠ ಮಾಡಿದ ನನಗೆ ಈ ಕಥೆಯ ತಿರುಳು ಸಿಕ್ಕಿದ್ದು ಆ ರಾತ್ರಿ. ನೋಡಿದವನು ಹೆದರುವುದಿಲ್ಲ, ಹೆದರಿಸುವುದೂ ಇಲ್ಲ.

ಸಮಯ ಮುಗಿಯುತ್ತಿದೆ ಅಂತ ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಕೈಯಲ್ಲಿ ಬರೆದ ಪಾತ್ರಗಳು, ಕಂಪ್ಯೂಟರಿನಲ್ಲಿ ಕಟ್ಟಿದ ಹಡಗುಗಳು ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಆ ಕಾಲಕ್ಕೆ ಅದು ಸಾಹಸ. ಗಂಡಸರ ಯಂತ್ರ ವ್ಯಾಂಗಾರ್ಡ್, ಹೆಂಗಸರದು ಡ್ರೆಡ್. ಎರಡೂ ಕೂಡಿದರೆ ವ್ಯಾಂಡ್ರೆಡ್. ಹೆಸರಲ್ಲೇ ಕಥೆಯಿದೆ.

ಇನ್ನು ನಿಜವಾದ ಶತ್ರು. ಅದು ತರಾಕುವೂ ಅಲ್ಲ, ಮೆಜೇರುವೂ ಅಲ್ಲ, ಇಬ್ಬರ ಪೂರ್ವಜರ ಭೂಮಿ. ತನ್ನವರು ಬದುಕಿರಲೆಂದು ಭೂಮಿಯು ಗ್ರಹಗ್ರಹಕ್ಕೂ ಯಂತ್ರಗಳನ್ನು ಕಳಿಸಿ, ಅಲ್ಲಿನ ಜನರ ಅಂಗಾಂಗಗಳನ್ನು ಫಸಲಿನಂತೆ ಕೊಯ್ದು ತರಿಸುತ್ತದೆ. ಕರುಳು ತಿನ್ನುವವರು ಅಂತ ಆ ಹುಡುಗರು ಹೆದರಿದ್ದು ಯಾರಿಗೆ, ಕೊಯ್ಯಲು ಬಂದವರು ಯಾರು! ನೋಡದೆಯೇ ಹೆದರಿದ್ದರು ಅಂದೆನಲ್ಲ, ಅದಕ್ಕೇ.

ಅಮ್ಮ ಅವತ್ತು ಮಲಗಲು ಎದ್ದವರು ಬಾಗಿಲಲ್ಲಿ ನಿಂತು ಕೇಳಿದರು, ‘ಕೂಸಿಗೆ ಏನು ಹೆಸರಿಟ್ಟರು?’ ಕಲೂವಾ ಅಂದೆ. ಎರಡು ಸಲ ಬಾಯಲ್ಲಿ ಆಡಿಸಿಕೊಂಡು ಒಳಗೆ ಹೋದರು. ನಮಸ್ಕಾರ.