ಮೂರನೇ ಜ್ವರ, ಮೊದಲನೇ ಇಂಟರ್ನಲ್ಸ್

ಮೊದಲು ಈ ಸದ್ದು ಕೇಳಿ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ.

ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗಿದೆ, ಅಲ್ವಾ? ಹಾಸ್ಟೆಲ್‌ನಲ್ಲಿರುವ ಗೆಳತಿಗೆ ಒಂದು ರಾತ್ರಿ ಫೋನ್ ಮಾಡಿದ್ದೆ. "ನಿಮ್ಮೂರಲ್ಲಿ ಮಳೇನಾ? ಇಲ್ಲಿ ಒಂದು ಹನೀನೂ ಇಲ್ಲ ಕಣೇ" ಅಂದಳು. ಮಳೆ ಅಲ್ಲ. ಎಂಬತ್ತು ಸಾವಿರ ರೇಷ್ಮೆ ಹುಳು ಒಟ್ಟಿಗೆ ಸೊಪ್ಪು ತಿನ್ನುತ್ತಿರುವ ಸದ್ದು. ಹುಳುಮನೆಗೂ ನಾನು ಓದುವ ಕೋಣೆಗೂ ಮಧ್ಯೆ ಇರುವುದು ಒಂದೇ ಗೋಡೆ.

ನಮ್ಮದು ರಾಮನಗರದ ಹತ್ತಿರ ಒಂದು ಹಳ್ಳಿ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂದಿದೆ. ನಮ್ಮಜ್ಜಿ ಇನ್ನೂ ಅದಕ್ಕಿಂತ ಎರಡು ಹೆಸರು ಹಿಂದೆ ಇದ್ದಾಳೆ. ಪೇಟೆಗೆ ಹೊರಟರೆ ರಾಮನಗರದ ಹಳೇ ಹೆಸರು ಹಿಡಿದು "ಕ್ಲೋಸ್‌ಪೇಟೆಗೆ ಹೋಗ್ಬತ್ತೀನಿ" ಅನ್ನುತ್ತಾಳೆ. ಅದೇ ಪೇಟೆಯಲ್ಲಿ ನಾನು ಬಿಎಸ್‌ಸಿ ಓದುತ್ತಿದ್ದೇನೆ. ಎರಡನೇ ವರ್ಷ. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ.

ಈಗ ಸ್ಕ್ರೀನ್ ಮೇಲೆ ಕತ್ತಲೆ ಕಾಣುತ್ತಿದೆಯಲ್ಲ, ಅದು ಬೆಳಗ್ಗೆ ಐದೂವರೆ. ಫೋನಿನ ತಪ್ಪಲ್ಲ. ಬಿಸಿಲು ಏರಿದ ಮೇಲೆ ಕೊಯ್ದರೆ ಹಿಪ್ಪುನೇರಳೆ ಸೊಪ್ಪು ಬೇಗ ಬಾಡುತ್ತದೆ, ಬಾಡಿದ್ದನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಅದಕ್ಕೇ ಈ ಹೊತ್ತಿಗೆ ತೋಟ. ಅಪ್ಪ ಕುಡುಗೋಲಿನಲ್ಲಿ ಕಡ್ಡಿ ಸಮೇತ ಕೊಯ್ಯುತ್ತಾ ಹೋಗುತ್ತಾರೆ. ನಾನು ಹೊರೆ ಕಟ್ಟುತ್ತೇನೆ. ತಮ್ಮ ಹೊರಬೇಕು, ಆದರೆ ಅವನಿಗೆ ಪಿಯುಸಿ ಅನ್ನೋ ನೆಪ ಇದೆ. ನನಗೆ ಡಿಗ್ರಿ ಅನ್ನೋ ನೆಪ ಯಾಕೆ ನಡೆಯಲ್ಲ ಅಂತ ಕೇಳಿದ್ದೆ. ಅವ್ವ ಉತ್ತರ ಕೊಡಲಿಲ್ಲ, ಕಾಫಿ ಕೊಟ್ಟಳು.

ಏಳು ಮುಕ್ಕಾಲಿಗೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನನಗೆ ಟಿಕೆಟ್ ದುಡ್ಡಿಲ್ಲ. ತಮ್ಮನಿಗೆ ಮಾತ್ರ ವಿದ್ಯಾರ್ಥಿ ಪಾಸು. ಪ್ರತಿ ವರ್ಷ ಪಾಸು ಮಾಡಿಸುವಾಗ ಅವನ ಮುಖ ನೋಡುವುದೇ ನನಗೆ ಒಂದು ಹಬ್ಬ. ಬಸ್ಸಿನಲ್ಲಿ ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ನಿಂತೇ ನಿದ್ದೆ.

ಕಾಲೇಜಿನಲ್ಲಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: "ನೀನ್ಯಾಕೆ ಬಾಡಿ ಸ್ಪ್ರೇ ಹಾಕಲ್ಲ?" ಹುಡುಗಿಯರ ಕೋಣೆಯಲ್ಲಿ ಒಬ್ಬಳು ಸ್ಪ್ರೇ ಒತ್ತಿದರೆ ನಾನು ಬಾಗಿಲ ಹೊರಗೆ ಓಡುತ್ತೇನೆ. ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗುವುದಿಲ್ಲ. ಸೆಂಟು, ನಶ್ಯ, ಸೊಳ್ಳೆ ಬತ್ತಿ, ಔಷಧಿ ಹೊಡೆದ ತೋಟದಿಂದ ಬಂದ ಬಟ್ಟೆ, ಯಾವುದೂ ಹುಳುಮನೆಗೆ ಬರುವ ಹಾಗಿಲ್ಲ. ಮನೆಗೆ ಹೋದ ಕೂಡಲೇ ಸ್ನಾನ, ಬೇರೆ ಬಟ್ಟೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆದು, ಸೊಳ್ಳೆ ಪರದೆ ಥರದ ಬಲೆ ಸರಿಸಿ ಒಳಗೆ. ಆ ಬಲೆ ಸೊಳ್ಳೆಗಲ್ಲ, ಊಜಿ ನೊಣಕ್ಕೆ. ಅದು ಹುಳುವಿನ ಮೈ ಮೇಲೆ ಮೊಟ್ಟೆ ಇಟ್ಟು ಹೋದರೆ ಅದರ ಮರಿ ಒಳಗಿನಿಂದಲೇ ಹುಳುವನ್ನು ತಿನ್ನುತ್ತದೆ. ಈ ನೊಣ ಬಂಗಾಳದಿಂದ ನಮ್ಮ ರಾಜ್ಯಕ್ಕೆ ಬಂದದ್ದು 1980ರಲ್ಲಿ. ಟಿಪ್ಪು ಕಾಲದಲ್ಲಿ ರೇಷ್ಮೆ ಹುಳು ಬಂದದ್ದೂ ಬಂಗಾಳದಿಂದಲೇ. ಇನ್ನೂರು ವರ್ಷ ತಡವಾಗಿ ಬಂದ ನೆಂಟ, ಅಷ್ಟೇ.

ಸರಿ, ಈ ವ್ಲಾಗ್ ಮಾಡಲು ಕೂತ ಕಾರಣಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಎರಡು ಕ್ಯಾಲೆಂಡರ್ ಇವೆ. ಒಂದು ಗೋಡೆಯ ಮೇಲೆ. ಇನ್ನೊಂದು ಹುಳುವಿನ ಮೈಯಲ್ಲಿ.

ನಾವು ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ, ಅಂದರೆ ಮರಿ ಹುಳು ಸಾಕಿ ಕೊಡುವ ಕಡೆಯಿಂದ ತರುತ್ತೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ರೇಷ್ಮೆ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಬಂದಾಗ ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ನಿಂತಿರುತ್ತದೆ. ಆಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಚಿಮುಕಿಸಿ ಸುಮ್ನೆ ಬಿಡಬೇಕು. ಒಂದು ದಿನ, ಒಂದೂವರೆ ದಿನ ಆದ ಮೇಲೆ ಹಳೇ ಚರ್ಮ ಬಿಟ್ಟು ಏಳುತ್ತದೆ. ಚಿಕ್ಕವಳಿದ್ದಾಗ ನಾನು ಅದನ್ನು ನಿಜವಾದ ಜ್ವರ ಅಂದುಕೊಂಡಿದ್ದೆ. ಒಮ್ಮೆ ಹುಳುವಿನ ಹಣೆ ಮುಟ್ಟಿ ನೋಡಿದ್ದೆನಂತೆ. ಹಣೆ ಎಲ್ಲಿದೆ ಅಂತ ಕೇಳಬೇಡಿ.

ಕಳೆದ ವರ್ಷ ಪ್ರಾಣಿಶಾಸ್ತ್ರದ ಮೇಡಂ ಬೋರ್ಡ್ ಮೇಲೆ ಬಾಂಬಿಕ್ಸ್ ಮೋರಿ ಅಂತ ರೇಷ್ಮೆ ಹುಳುವಿನ ವೈಜ್ಞಾನಿಕ ಹೆಸರು ಬರೆದು, ಮೋಲ್ಟಿಂಗ್ ಅಂದರೇನು ಅಂತ ಕೇಳಿದರು. ಇಡೀ ಕ್ಲಾಸು ಸುಮ್ಮನಿತ್ತು. ನಾನೂ ಸುಮ್ಮನಿದ್ದೆ. ಅವರು ವಿವರಿಸುತ್ತಾ ಹೋದ ಹಾಗೆ ಅರ್ಧಕ್ಕೇ ನನಗೆ ಹೊಳೆಯಿತು: ಅಯ್ಯೋ, ಇದು ಜ್ವರ! ಹದಿನೈದು ವರ್ಷ ನೋಡಿದ್ದೇನೆ, ಹೆಸರು ಗೊತ್ತಿರಲಿಲ್ಲ. ಕೈ ಎತ್ತಿ ಹೇಳೋಣ ಅನ್ನಿಸಿತು. ಎತ್ತಲಿಲ್ಲ. ಯಾಕೆ ಅಂತ ಈಗಲೂ ಯೋಚಿಸುತ್ತೇನೆ. "ಜ್ವರ" ಅನ್ನೋ ಮಾತು ಆ ಕೋಣೆಯಲ್ಲಿ ಯಾಕೋ ಬರಿಗಾಲಲ್ಲಿ ಬಂದ ಹಾಗೆ ಕಂಡಿತು.

ಈ ಸಲ ಚಾಕಿ ಹುಳು ಬಂದದ್ದು ನವೆಂಬರ್‌ನ ಒಂದು ಸೋಮವಾರ. ಇನ್ನೂರು ಮೊಟ್ಟೆ. ಇನ್ನೂರು ಅಂದರೆ ಇನ್ನೂರು ಹುಳು ಅಲ್ಲ, ಒಂದು ಚಿಟ್ಟೆ ಇಡುವ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುವುದು, ಅದರಲ್ಲಿ ನಾನೂರೋ ಐನೂರೋ ಇರುತ್ತವೆ. ಅದೇ ಸೋಮವಾರ ಸಂಜೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಇಂಟರ್ನಲ್ಸ್, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಯ ಟೈಮ್‌ಟೇಬಲ್ ಬಂತು. ನಾನು ಹುಳು ಸಾಕುವ ಸ್ಟ್ಯಾಂಡಿನ ಪಕ್ಕ ನಿಂತು ಬೆರಳು ಎಣಿಸಿದೆ. ಮೂರನೇ ಜ್ವರ ಗುರುವಾರ. ನಾಲ್ಕನೇ ಜ್ವರ ಮುಂದಿನ ಬುಧವಾರ. ಎದ್ದು ಏಳು ದಿನ ತಿಂದರೆ, ಅದರ ಮುಂದಿನ ಗುರುವಾರ ರಾತ್ರಿ, ಶುಕ್ರವಾರ ಹುಳು ಹಣ್ಣಾಗಬೇಕು, ಅಂದರೆ ತಿಂದು ಮುಗಿಸಿ ಗೂಡು ಕಟ್ಟೋಕೆ ತಯಾರಾಗಬೇಕು. ಶುಕ್ರವಾರ ಹನ್ನೊಂದು ಗಂಟೆಗೆ ರಸಾಯನಶಾಸ್ತ್ರ.

"ಅಪ್ಪ, ಆ ದಿನ ಪರೀಕ್ಷೆ" ಅಂದೆ.

"ಅದ್ಕೇನವ್ವ, ಹುಳಕ್ಕೇಳ್ತೀನಿ ಬುಡು" ಅಂದರು.

ಕೊನೆಯ ಆ ಏಳು ದಿನ ಇದೆಯಲ್ಲ, ಅದನ್ನು ಯಾವ ರೀಲ್ಸೂ ತೋರಿಸುವುದಿಲ್ಲ. ಹುಳು ಇಡೀ ಜೀವನದಲ್ಲಿ ತಿನ್ನುವುದರಲ್ಲಿ ಶೇ 80ಕ್ಕಿಂತ ಜಾಸ್ತಿ ತಿನ್ನುವುದು ಆಗಲೇ. ನಮ್ಮ ಇನ್ನೂರು ಮೊಟ್ಟೆಗೆ ದಿನಕ್ಕೆ ಇನ್ನೂರು ಕೆಜಿಗೂ ಮೇಲೆ ಸೊಪ್ಪು ಬೇಕು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ನನ್ನ ಕೆಮಿಸ್ಟ್ರಿ ನೋಟ್ಸ್ ತುಂಬ ಹಸಿರು ಬೆರಳಚ್ಚು. ಬೇಕಾದರೆ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಈ ಪುಟದಲ್ಲಿ ಸಮೀಕರಣ ಯಾವುದು, ಸೊಪ್ಪಿನ ಕರೆ ಯಾವುದು ಅಂತ ನನಗೇ ಗೊತ್ತಾಗಲ್ಲ.

ಎರಡನೇ ವಾರ ಮೋಡ ಕವಿಯಿತು. ಎರಡು ದಿನ ಸೂರ್ಯ ಕಾಣಲಿಲ್ಲ. ಚಳಿಗೆ ಹುಳು ನಿಧಾನವಾಗಿ ತಿನ್ನುತ್ತದೆ, ಹಣ್ಣಾಗುವುದು ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ. ಅಪ್ಪ ಥರ್ಮಾಮೀಟರ್ ನೋಡಿ, "25 ಡಿಗ್ರಿ ಇರ್ಬೇಕಿತ್ತು, ಇಳ್ದೈತೆ. ರಾತ್ರಿ ಹೀಟರ್ ಹಾಕು ಮಗ" ಅಂತ ಹೇಳಿ ಮಲಗಿದರು.

ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಸ್ವಿಚ್ ಹತ್ತಿರ ಹೋಗಿ ನಿಂತೆ. ಹಾಕದಿದ್ದರೆ ಹುಳು ಭಾನುವಾರಕ್ಕೆ ಹೋಗುತ್ತದೆ. ನನ್ನ ಪರೀಕ್ಷೆ ಮುಗಿದಿರುತ್ತದೆ. ಯಾರಿಗೂ ಗೊತ್ತಾಗಲ್ಲ, ಚಳಿ ಅಂದುಕೊಳ್ಳುತ್ತಾರೆ. ಹತ್ತು ನಿಮಿಷ ನಿಂತಿದ್ದೆ ಅನ್ನಿಸುತ್ತದೆ. ಒಳಗೆ ಅದೇ ಮಳೆ ಸದ್ದು, ಆದರೆ ಸ್ವಲ್ಪ ಸಣ್ಣಗೆ. ಎರಡು ದಿನ ಮುಂದೆ ಹೋದರೆ ಎರಡು ದಿನದ ಸೊಪ್ಪು ಜಾಸ್ತಿ ಬೇಕು. ತೋಟದಲ್ಲಿ ಉಳಿದಿದ್ದ ಸಾಲು ನನಗೂ ಗೊತ್ತಿತ್ತು. ಜೊತೆಗೆ ಥಂಡಿ ಹಿಡಿದರೆ ಸುಣ್ಣಕಟ್ಟು ರೋಗದ ಭಯ. ಹುಳು ಸತ್ತು ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಎರಡು ವರ್ಷದ ಹಿಂದೆ ಒಂದು ಬೆಳೆ ಹಾಗೆ ಹೋಗಿ, ಗುಡಿಸಿ ಗುಂಡಿಗೆ ಹಾಕಿ ಮುಚ್ಚಿದ್ದೆವು. ಆ ವರ್ಷದ ನನ್ನ ಕಾಲೇಜು ಫೀಸು ಅವ್ವನ ಓಲೆಯಿಂದ ಬಂದದ್ದು.

ಹೀಟರ್ ಹಾಕಿದೆ. ಇದರಲ್ಲಿ ತ್ಯಾಗ ಗೀಗ ಏನಿಲ್ಲ. ಹತ್ತು ನಿಮಿಷ ಯಾಕೆ ನಿಂತೆ ಅನ್ನುವುದೇ ನನಗೆ ಇನ್ನೂ ಮುಜುಗರ.

ಗುರುವಾರ ಕಾಲೇಜಿನಿಂದ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. "ಹಣ್ಣಾಗೈತೆ ಕಣವ್ವ" ಅಂದಳು. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಬಿಳಿ ಹೋಗಿ ಮೈ ಗಾಜಿನ ಹಾಗೆ ಆಗಿರುತ್ತದೆ, ತಿನ್ನುವುದು ನಿಲ್ಲಿಸಿ ಕಟ್ಟೋಕೆ ಜಾಗ ಹುಡುಕುತ್ತಾ ತಲೆ ಆಡಿಸುತ್ತದೆ. ಆಗ ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಗೆ ಬಿಡಬೇಕು. ಒಂದು ಚಂದ್ರಿಕೆಗೆ ಸಾವಿರದ ಹತ್ತಿರ ಹುಳು. ಬೇಗ ಬಿಟ್ಟರೆ ಕಟ್ಟುವುದಿಲ್ಲ, ತಡ ಮಾಡಿದರೆ ಸ್ಟ್ಯಾಂಡಿನಲ್ಲೇ ನೂಲು ಬಿಟ್ಟು ವ್ಯರ್ಥ ಮಾಡುತ್ತದೆ. ಹುಳುವಿಗೆ ಅಟೆಂಡೆನ್ಸ್ ಶಾರ್ಟೇಜ್ ಅಂತ ಅರ್ಜಿ ಕೊಡೋಕಾಗಲ್ಲ.

ಅಕ್ಕಪಕ್ಕದ ಮನೆಯವರು ಆರು ಜನ ಮುಯ್ಯಾಳು ಬಂದಿದ್ದರು. ಹೋದ ತಿಂಗಳು ಅವರ ಮನೆಗೆ ನಾವು ಹೋಗಿದ್ದೆವು, ಈಗ ಅವರು. ಆ ರಾತ್ರಿಯ ಕ್ಲಿಪ್ ಇದೊಂದೇ ಇದೆ, ಅದೂ ತಮ್ಮ ತೆಗೆದದ್ದು. ನಾನು ಬಾಯಲ್ಲಿ ಏನೋ ಗೊಣಗುತ್ತಿದ್ದೇನೆ ನೋಡಿ. ಹಾಡಲ್ಲ, ಸಮೀಕರಣ. ಪಕ್ಕದ ಮನೆ ಚಿಕ್ಕಮ್ಮ "ಏನವ್ವಾ ಮಂತ್ರ ಹಾಕ್ತಿದ್ದೀಯಾ ಹುಳಕ್ಕೆ?" ಅಂತ ನಕ್ಕಿದ್ದೂ ಕೇಳಿಸುತ್ತದೆ. ಎರಡು ಗಂಟೆಗೆ ಅವ್ವ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡು, "ಹೋಗ್ ಮಲಗು. ನಾಳೆ ಪೇಪರ್ ಮೇಲೆ ಮಲಗೀಯ" ಅಂದಳು.

ಪರೀಕ್ಷೆ ಬರೆದೆ. ಇಪ್ಪತ್ತಕ್ಕೆ ಹನ್ನೆರಡು ಬಂತು. ಎಲ್ಲದಕ್ಕೂ ಹುಳುವೇ ಕಾರಣ ಅಂತ ಹೇಳಲ್ಲ, ನಾಲ್ಕನೇ ಪ್ರಶ್ನೆ ಎರಡು ತಿಂಗಳಿಂದಲೂ ನನಗೆ ಬರುತ್ತಿರಲಿಲ್ಲ.

ಎರಡೂ ಹೇಗೆ ಸರಿತೂಗಿಸುತ್ತೀಯ ಅಂತ ಕಾಮೆಂಟ್‌ನಲ್ಲಿ ಕೇಳುತ್ತೀರಲ್ಲ, ಸರಿತೂಗಿಸಲ್ಲ ನಾನು. ಮೊದಲ ಹತ್ತು ದಿನ ಓದು ಗೆಲ್ಲುತ್ತದೆ, ಕೊನೆಯ ಏಳು ದಿನ ಹುಳು ಗೆಲ್ಲುತ್ತದೆ. ಅದು ಗೊತ್ತಾದ ಮೇಲೆ ಈಗ ಮೂರನೇ ಜ್ವರಕ್ಕೆ ಮೊದಲೇ ಸಿಲಬಸ್ ಮುಗಿಸೋಕೆ ನೋಡುತ್ತೇನೆ. ಜ್ವರದ ದಿನ ಸೊಪ್ಪಿನ ಕೆಲಸ ಇರಲ್ಲ, ಮನೆಯಲ್ಲಿ ಆ ಮಳೆ ಸದ್ದೂ ಇರಲ್ಲ. ಆ ಒಂದು ದಿನ ನಾನು ಓದುವಷ್ಟು ಪರೀಕ್ಷೆ ರಜೆಯಲ್ಲೂ ಓದಲ್ಲ.

ಮುಂದಿನ ವಾರ ಗೂಡು ಬಿಡಿಸಿ, ಅಪ್ಪ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದರು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು. ಆ ದಿನ ನನಗೆ ಮೊದಲ ಕ್ಲಾಸ್ ಇರಲಿಲ್ಲ, ನಾನೂ ಹೋದೆ. ಈಗ ಕೂಗಿ ಹರಾಜು ಹಾಕುವುದಿಲ್ಲ, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಬೆಲೆ ಹಿಡಿಸದಿದ್ದರೆ ರೈತ ಬೇಡ ಅನ್ನಬಹುದು. ಅಪ್ಪ ಮೊದಲ ಸುತ್ತಿಗೆ ಬೇಡ ಅಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಸುಮ್ಮನೆ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಎರಡನೇ ಸುತ್ತಿಗೆ ಸ್ವಲ್ಪ ಏರಿತು. "ಹೂಂ" ಅಂದರು. ಬೆಲೆ ಎಷ್ಟು ಅಂತ ಹೇಳಬೇಡ ಅಂದಿದ್ದಾರೆ, ಹೇಳಲ್ಲ. ಅಲ್ಲಿಂದ ನಾನು ಕಾಲೇಜಿಗೆ ನಡೆದುಕೊಂಡು ಹೋದೆ.

ಲ್ಯಾಬಿನಲ್ಲಿ ಪೆನ್ ತೆಗೆಯೋಕೆ ಪೌಚ್ ತೆರೆದರೆ, ಒಳಗೆ ಮೂಲೆಯಲ್ಲಿ ಒಂದು ಗೂಡು. ಗುರುವಾರ ರಾತ್ರಿ ಯಾವುದೋ ಹುಳು ಚಂದ್ರಿಕೆಗೆ ಹೋಗದೆ ನನ್ನ ಪೌಚಿಗೆ ಬಿದ್ದು, ಪರೀಕ್ಷೆಗೂ ನನ್ನ ಜೊತೆ ಬಂದು, ಪೆನ್ನಿಗೂ ಸ್ಕೇಲಿಗೂ ನೂಲು ಸುತ್ತಿ ಕಟ್ಟಿಬಿಟ್ಟಿದೆ. ಲ್ಯಾಬಿನಲ್ಲಿ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೇಡಂ ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದಕ್ಕೆ ಎಷ್ಟು ಮೋಲ್ಟ್ ಆಗಿರುತ್ತೆ?" ಅಂತ ಕೇಳಿದರು.

"ನಾಲ್ಕು ಜ್ವರ ಮೇಡಂ" ಅಂದೆ.

ಗೂಡು ಇನ್ನೂ ಪೌಚಿನಲ್ಲೇ ಇದೆ. ಇನ್ನು ನಾಲ್ಕೈದು ದಿನಕ್ಕೆ ಚಿಟ್ಟೆ ಹೊರಗೆ ಬರಬಹುದು. ಬಂದರೆ ಪೌಚ್ ಎಲ್ಲ ಗಲೀಜು ಮಾಡುತ್ತೆ, ನೀನೇ ತೊಳೀಬೇಕು ಅಂತ ಅವ್ವ ಈಗಲೇ ಹೇಳಿಟ್ಟಿದ್ದಾಳೆ.